ದೊಡ್ಡಮ್ಮನ ಪಿಂಚಣಿ ನಿಂತಿದೆ, ಗೃಹಲಕ್ಷ್ಮಿ ಜಮೆ ಆಗಿದೆಯಂತೆ, ಖಾತೆಯಲ್ಲಿ ಮಾತ್ರ ಇಲ್ಲ. ಯಾರನ್ನ ಕೇಳೋದು?

ಸುಮಾ ಅರಸೀಕೆರೆ

ನಮ್ಮ ದೊಡ್ಡಮ್ಮನಿಗೆ 67. ದೊಡ್ಡಪ್ಪ ಹೋದ ಮೇಲಿಂದ ವಿಧವಾ ವೇತನ ಬರ್ತಿತ್ತು, ಈಗ ತಿಂಗಳಿಗೆ 800. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ, ಹಾಗಾಗಿ ಗೃಹಲಕ್ಷ್ಮಿಯ 2,000 ಕೂಡ ಅವರ ಹೆಸರಿಗೇ. ಯುಗಾದಿ ಹೊತ್ತಿಗೆ ಎರಡೂ ನಿಂತವು. ಬ್ಯಾಂಕಿನಲ್ಲಿ ಕೇಳಿದರೆ "ಸರ್ಕಾರದಿಂದಲೇ ಬಂದಿಲ್ಲಮ್ಮ" ಅಂತಾರೆ. ನಾಡಕಚೇರಿಯಲ್ಲಿ ಕೇಳಿದರೆ "ಬ್ಯಾಂಕಿಗೆ ಹೋಗಿ" ಅಂತಾರೆ. ನನ್ನ ತಮ್ಮ ಡಿಬಿಟಿ ಕರ್ನಾಟಕ ಆ್ಯಪ್ (ಸರ್ಕಾರದ ಹಣ ಖಾತೆಗೆ ಬಂತಾ ಅಂತ ತೋರಿಸೋದು) ಹಾಕಿ ನೋಡಿದ, ಗೃಹಲಕ್ಷ್ಮಿ ಕಂತು ಜಮೆ ಅಂತಲೇ ತೋರಿಸ್ತಿದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಒಂದು ಪೈಸೆ ಇಲ್ಲ. ಪಿಂಚಣಿದಂತೂ ಆ್ಯಪಿನಲ್ಲೂ ಸುದ್ದಿಯಿಲ್ಲ.

ನಡುವೆ ಆದದ್ದು ಇಷ್ಟೇ. ಚಳಿಗಾಲದಲ್ಲಿ ಕಣ್ಣಿನ ಪೊರೆ ತೆಗೆಸೋಕೆ ದೊಡ್ಡಮ್ಮ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದರು, ಸಂಕ್ರಾಂತಿ ಕಳೆದು ವಾಪಸ್ ಬಂದರು.

ಮನೆಯಲ್ಲಿ ಗಂಡಸರು "800 ರೂಪಾಯಿಗೆ ಇಷ್ಟು ಓಡಾಟ ಯಾಕೆ" ಅಂತಿದ್ದಾರೆ. ಬಿಪಿ ಮಾತ್ರೆ, ಎಲೆಅಡಿಕೆ, ಮೊಮ್ಮಕ್ಕಳ ಕೈಗಿಡೋ ಹತ್ತಿಪ್ಪತ್ತು, ಎಲ್ಲಾ ಅದರಲ್ಲೇ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿರೋರು ದಾರಿ ತೋರಿಸಿ.

ಗ್ರಾಮ ಒನ್ ಮಂಜ

ಅಕ್ಕಾ, ಎರಡನ್ನೂ ಒಟ್ಟಿಗೆ ವಿಚಾರಿಸಿದರೆ ಹೀಗೇ ಚೆಂಡಾಟ ಆಡಿಸ್ತಾರೆ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಅದನ್ನು ಕೇಳಬೇಕಾದ್ದು ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ. ಪಿಂಚಣಿ ಕಂದಾಯ ಇಲಾಖೆ ಕೆಳಗಿನ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯದ್ದು, ಅದಕ್ಕೆ ನಾಡಕಚೇರಿ, ತಹಶೀಲ್ದಾರ್. ನಿಂತಿದ್ದು ಒಂದೇ ಸಲ ಆದರೂ ಕಾರಣ ಬೇರೆಬೇರೆ ಇರಬಹುದು.

ಗೃಹಲಕ್ಷ್ಮಿ ಜಮೆ ಅಂತ ತೋರಿಸ್ತಿದ್ರೆ ಹಣ ಎಲ್ಲೋ ಇದೆ. ಈ ದುಡ್ಡು ಅಕೌಂಟ್ ನಂಬರ್ ನೋಡಿಕೊಂಡು ಬರಲ್ಲ, ಆಧಾರ್ ನೋಡಿಕೊಂಡು ಬರುತ್ತೆ. ಯಾವ ಆಧಾರಿನ ಹಣ ಯಾವ ಬ್ಯಾಂಕಿಗೆ ಅಂತ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ವರ್ಗಾವಣೆ ನೋಡಿಕೊಳ್ಳೋ ಸಂಸ್ಥೆ) ಹತ್ತಿರ ಒಂದು ಪಟ್ಟಿ ಇದೆ. ಒಂದು ಆಧಾರಿಗೆ ಒಂದೇ ಬ್ಯಾಂಕು. ನಾಲ್ಕು ಖಾತೆ ಇದ್ರೂ ಕೊನೆಗೆ ಸೀಡಿಂಗ್ ಆದ, ಅಂದ್ರೆ ಆ ಪಟ್ಟಿಗೆ ಸೇರಿದ, ಬ್ಯಾಂಕಿಗೇ ಹೋಗೋದು. ಬೆಂಗಳೂರಲ್ಲಿ ಇದ್ದಾಗ ದೊಡ್ಡಮ್ಮ ಎಲ್ಲಾದರೂ ಥಂಬ್ ಕೊಟ್ಟಿದ್ರಾ? ಸಿಮ್ ಅಂಗಡಿ, ಹೊಸ ಖಾತೆ, ಸಂಘದ ಸಾಲ, ಯಾವುದಾದರೂ ಸರಿ, ನೆನಪು ಮಾಡಿಸಿ ಕೇಳಿ. 2017ರಲ್ಲಿ ಗ್ಯಾಸ್ ಸಬ್ಸಿಡಿಗೆ ಇದೇ ಗತಿ ಆಗಿತ್ತು. ಒಂದು ಮೊಬೈಲ್ ಕಂಪನಿಯವರು ಸಿಮ್ ಪರಿಶೀಲನೆಗೆ ಅಂತ ತಗೊಂಡ ಬೆರಳಚ್ಚಿನಲ್ಲೇ ತಮ್ಮ ಪೇಮೆಂಟ್ಸ್ ಬ್ಯಾಂಕ್ (ಸಾಲ ಕೊಡದ, ಸಣ್ಣ ಠೇವಣಿಯ ಬ್ಯಾಂಕ್) ಖಾತೆ ತೆರೆದು ಜನರ ಸಬ್ಸಿಡಿಯೆಲ್ಲ ಅಲ್ಲಿಗೆ ಹೋಯ್ತು. ಡಿಸೆಂಬರಿನಲ್ಲಿ ಆಧಾರ್ ಪ್ರಾಧಿಕಾರ ಆ ಕಂಪನಿಯ ಇ-ಕೆವೈಸಿ (ಆಧಾರಿನಿಂದ ಗುರುತು ಪರಿಶೀಲಿಸೋ) ಪರವಾನಗಿಯನ್ನೇ ತಡೆಹಿಡೀತು. ಖಾತೆದಾರರಿಗೆ ಎಷ್ಟೋ ತಿಂಗಳು ಗೊತ್ತೇ ಇರಲಿಲ್ಲ.

ನೋಡೋದು ಸುಲಭ. ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರುತ್ತೆ, ಒಟಿಪಿ ಹಾಕಿದರೆ ಬ್ಯಾಂಕಿನ ಹೆಸರು ಬರುತ್ತೆ. ಡಿಬಿಟಿ ಆ್ಯಪಿನಲ್ಲೂ ಸೀಡಿಂಗ್ ಸ್ಥಿತಿ ನೋಡೋ ಜಾಗ ಇದೆ. ಆಧಾರಿಗೆ ಮೊಬೈಲ್ ನಂಬರ್ ಸೇರಿಲ್ಲ ಅಂದ್ರೆ ಮೊದಲು ಆಧಾರ್ ಸೇವಾ ಕೇಂದ್ರ.

ನಿವೃತ್ತ ಶಿರಸ್ತೇದಾರ

ಮಂಜಣ್ಣ ಹೇಳಿದ್ದು ಸರಿಯಾಗಿದೆ. ಬ್ಯಾಂಕಿನವರು "ಆಧಾರ್ ಲಿಂಕ್ ಆಗಿದೆ" ಅಂದ ಕೂಡಲೇ ಎದ್ದು ಬರಬೇಡಿ. ಕೆವೈಸಿಗೆ, ಅಂದರೆ ಗುರುತಿಗೆ, ಆಧಾರ್ ಕೊಡುವುದು ಬೇರೆ, ಸರ್ಕಾರಿ ಸಹಾಯಧನ ಈ ಖಾತೆಗೇ ಬರಲಿ ಅಂತ ಒಪ್ಪಿಗೆ ಪತ್ರ ಬರೆದುಕೊಡುವುದು ಬೇರೆ. ಎರಡನೆಯದನ್ನು ಕೊಟ್ಟರೆ ಮಾತ್ರ ಎನ್‌ಪಿಸಿಐ ಪಟ್ಟಿಯಲ್ಲಿ ಹೆಸರು ಕೂರುತ್ತದೆ. ಕೌಂಟರಿನಲ್ಲಿ ಕೂತವರಿಗೂ ಎಷ್ಟೋ ಸಲ ಈ ಭೇದ ಗೊತ್ತಿರುವುದಿಲ್ಲ. ಒಪ್ಪಿಗೆ ಪತ್ರದ ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ.

ಪಿಂಚಣಿಯ ವಿಷಯಕ್ಕೆ ಬಂದರೆ, ದೊಡ್ಡಮ್ಮ ಚಳಿಗಾಲದಲ್ಲಿ ಊರಲ್ಲಿರಲಿಲ್ಲ ಎಂದು ಬರೆದಿದ್ದೀರಲ್ಲ, ನನ್ನ ಅನುಮಾನ ಅದರ ಮೇಲೇ. ಫಲಾನುಭವಿ ಬದುಕಿದ್ದಾರಾ, ಅದೇ ಊರಲ್ಲಿದ್ದಾರಾ ಎಂದು ಗ್ರಾಮ ಲೆಕ್ಕಿಗರು (ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ) ಪರಿಶೀಲನೆಗೆ ಬರುತ್ತಾರೆ. ಮನೆಗೆ ಬೀಗ ಕಂಡರೆ, ಪಕ್ಕದವರು "ಅವರು ಇಲ್ಲಿಲ್ಲ, ಮಗಳ ಮನೆಗೆ ಹೋದರು" ಅಂದರೆ, "ವಿಳಾಸದಲ್ಲಿ ವಾಸವಿಲ್ಲ" ಎಂದು ವರದಿ ಹೋಗುತ್ತದೆ. ಅಲ್ಲಿಗೆ ಮುಗಿಯಿತು.

ನಾಡಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆ "ಯಾಕೆ ಬಂದಿಲ್ಲ" ಅಂತ ಅಲ್ಲ. "ತಡೆಹಿಡಿದಿದ್ದೀರೋ, ರದ್ದು ಮಾಡಿದ್ದೀರೋ" ಅಂತ. ಆಮೇಲೆ "ಯಾವ ತಾರೀಖಿನ ಯಾವ ವರದಿಯ ಮೇಲೆ" ಅಂತ. ಬಾಯಿಮಾತಲ್ಲಿ ಬೇಡ, ಮಂಜೂರಾತಿ ಆದೇಶದ ಜೆರಾಕ್ಸ್ ಇಟ್ಟು ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ತಡೆಹಿಡಿದದ್ದಾದರೆ ಮರುಪರಿಶೀಲನೆಯಾಗಿ ಮತ್ತೆ ಚಾಲೂ ಆಗುತ್ತದೆ. ರದ್ದಾದರೆ ಕೆಲಸ ಜಾಸ್ತಿ.

ಲೆಕ್ಕ ಕೇಳೋನು

ಬೇಜಾರು ಮಾಡ್ಕೋಬೇಡಿ ಮೇಡಂ, ನಿಮ್ಮ ದೊಡ್ಡಮ್ಮನ ಬಗ್ಗೆ ಅಲ್ಲ ಇದು. ಆದ್ರೆ ಒಬ್ಬರಿಗೇ ಎರಡೆರಡು ಕಡೆಯಿಂದ ಯಾಕೆ? 2024-25ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗೆ ಇಟ್ಟಿದ್ದು 52,000 ಕೋಟಿ ಮೇಲೆ, ಗೃಹಲಕ್ಷ್ಮಿ ಒಂದಕ್ಕೇ 28,608 ಕೋಟಿ. ಕಾರು ಇರೋರ ಮನೆಗೂ ಹೋಗ್ತಿದೆ. ನಮ್ಮೂರ ಶಾಲೆ ಹೆಂಚು ಹಾರಿ ಎರಡು ಮಳೆಗಾಲ ಆಯ್ತು, ಹಾಕೋಕೆ ದುಡ್ಡಿಲ್ಲ ಅಂತಾರೆ. ಬಡವರಿಗೆ ಕೊಡಿ, ಯಾರು ಬೇಡ ಅಂದ್ರು. ಎಲ್ಲರಿಗೂ ಹಂಚೋದು ಬಿಟ್ಟಿ ಭಾಗ್ಯ ಅಷ್ಟೇ.

ಸೇಡಂ ಶರಣ

ಅಣ್ಣಾ, ಬಡವರು ಯಾರಂತ ಹುಡಕೂದ್ರಾಗೇ ಬಡವರು ಸಾಯ್ತಾರ, ಅದು ನಿಮಗ ಗೊತ್ತಿಲ್ಲೇನು? ನಮ್ಮ ಕಡಿ ಒಮ್ಮೆ ಬಂದು ನೋಡ್ರಿ. ಗೃಹಲಕ್ಷ್ಮಿ ಬೇಕಂದ್ರ ರೇಷನ್ ಕಾರ್ಡಿನ್ಯಾಗ ಯಜಮಾನಿ ಆಗಿರಬೇಕು, ಆಕಿ ಆಗಲಿ ಆಕಿ ಗಂಡ ಆಗಲಿ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ಟಿರಬಾರದು. ಮುಗೀತು. ಅದಕ್ಕೇ ಒಂದು ಕೋಟಿ ಮ್ಯಾಲಿನ ಹೆಣ್ಣಮಕ್ಕಳಿಗೆ ಮುಟ್ಟೇದ. ತಡ ಆಗ್ತದ, ಮೂರ್ಮೂರು ತಿಂಗಳ ಕಂತು ಹಿಂದ ಬೀಳ್ತಾವ, ಆ ತಕರಾರು ನಂದೂ ಅದ. ಆದ್ರ ತಹಶೀಲ್ದಾರನ ಮುಂದ ನಿಂತು "ನಾ ಬಡವಿ ಅದೀನಿ" ಅಂತ ಸಾಬೀತು ಮಾಡೂ ಗೋಜಿಲ್ಲ.

ಪಿಂಚಣಿಗಿ ಹಂಗಲ್ಲ. ಆದಾಯ ಪ್ರಮಾಣಪತ್ರ ಬೇಕು, ವರ್ಷಕ್ಕ 32,000 ದಾಟಿರಬಾರದು. ನೀವೇ ಲೆಕ್ಕ ಕೇಳೋರಲ್ಲ, ಈ ಲೆಕ್ಕ ಮಾಡ್ರಿ. 2025-26ರ ನರೇಗಾ ಕೂಲಿ ದಿನಕ್ಕ 370. ನೂರು ದಿನ ಪೂರಾ ದುಡಿದ್ರ 37,000. ಅಂದ್ರ ಸರ್ಕಾರನೇ ಕೊಟ್ಟ ಕೂಲಿ ಪೂರಾ ಮಾಡಿದ ಹೆಣ್ಣಮಗಳು ಸರ್ಕಾರನೇ ಕೊಡೂ ವಿಧವಾ ವೇತನಕ್ಕ ಸಾಹುಕಾರ್ತಿ ಆಗಿಬಿಟ್ಲು! ಬಿಪಿಎಲ್ ಕಾರ್ಡಿಗಿ ಆದಾಯದ ಮಿತಿ 1.20 ಲಕ್ಷ. ಒಂದೇ ಮನಿ, ಒಂದೇ ಒಲಿ, ಒಂದು ಕಾಗದದಾಗ ಬಡವಿ, ಇನ್ನೊಂದ್ರಾಗ ಅಲ್ಲ.

ಹಂಗಾಗಿ ಏನಾಗ್ತದ? ಎಲ್ಲಾರೂ ಸುಳ್ಳು ಹೇಳಬೇಕು. ಆದಾಯ ಹನ್ನೊಂದು ಸಾವಿರ, ಹದಿನೈದು ಸಾವಿರ ಅಂತ ಬರಸ್ತಾರ. ಬರಕೊಡೋರಿಗೂ ಗೊತ್ತು, ತಗೊಳ್ಳೋರಿಗೂ ಗೊತ್ತು. ಯಾವಾಗ ಬೇಕೋ ಆವಾಗ "ಅನರ್ಹ" ಅಂತ ತಗದು ಒಗೀಲಿಕ್ಕಿ ಅದೊಂದು ದಾರ ಕೈಯಾಗ ಇರ್ತದ.

ಲೆಕ್ಕ ಕೇಳೋನು

32,000 ಅನ್ನೋದು ನನಗೆ ಗೊತ್ತಿರಲಿಲ್ಲ, ಅದು ಹಾಸ್ಯಾಸ್ಪದ, ಒಪ್ತೀನಿ. ಶಾಲೆ ಹೆಂಚಿನ ಪ್ರಶ್ನೆ ಹಾಗೇ ಇದೆ.

ಸೇಡಂ ಶರಣ

ಶಾಲಿ ಹೆಂಚಿಗಿ ರೊಕ್ಕ ಇಲ್ಲದ್ದು ಗ್ಯಾರಂಟಿಗಿಂತ ಮೊದಲೂ ಇತ್ತಲ್ಲ ಅಣ್ಣಾ. ಗ್ಯಾರಂಟಿ ಇರಲಾರದ ಕಾಲದಾಗ ನಾ ಕಲ್ತ ಸಾಲಿ ಇನ್ನೂ ಬಯಲಾಗೇ ನಡೀತಿತ್ತು.

ನಿವೃತ್ತ ಶಿರಸ್ತೇದಾರ

ಚರ್ಚೆ ಗ್ಯಾರಂಟಿ ಕಡೆ ಹರಿಯುತ್ತಿದೆ. ಆದರೆ ಪಿಂಚಣಿ ಅದಕ್ಕಿಂತ ಹಳೆಯದು, ಅದರ ಮೊತ್ತ ಹೇಗೆ ಬೆಳೆಯಿತು ಅಂತ ಒಂದಷ್ಟು ಹೇಳುತ್ತೇನೆ. ಸೇವೆಯಲ್ಲಿದ್ದ ಕಾಲದಿಂದಲೂ ನನ್ನನ್ನು ಕಾಡಿದ ವಿಷಯ ಇದು.

ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾಗಿದ್ದು 1995ರ ಆಗಸ್ಟ್ 15ಕ್ಕೆ. ಆಗ ವೃದ್ಧಾಪ್ಯ ವೇತನಕ್ಕೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. ನಂತರ 200 ಆಯಿತು. 60ರಿಂದ 79 ವರ್ಷದವರಿಗೆ ಈಗಲೂ ಅದೇ 200. ಎಂಬತ್ತು ದಾಟಿದರೆ 500. ವಿಧವೆಯರಿಗೆ, ತೀವ್ರ ಅಂಗವಿಕಲರಿಗೆ 300. ಹದಿನೈದು ವರ್ಷದ ಮೇಲಾಯಿತು ಆ 200 ಅಲುಗಾಡಿಲ್ಲ. ಅದೂ ಬಿಪಿಎಲ್ ಕೋಟಾದೊಳಗೆ ಬಂದವರಿಗೆ ಮಾತ್ರ. ಉಳಿದದ್ದನ್ನೆಲ್ಲ ರಾಜ್ಯ ತನ್ನ ಬೊಕ್ಕಸದಿಂದ ತುಂಬಿಸಬೇಕು.

ನಮ್ಮಲ್ಲಿ ಸಂಧ್ಯಾ ಸುರಕ್ಷಾ 2007ರಲ್ಲಿ ಬಂತು. 65 ದಾಟಿದ ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರು ಮುಂತಾದವರಿಗೆ 400 ರೂಪಾಯಿ. ಗಂಡಹೆಂಡತಿ ಇಬ್ಬರ ಹೆಸರಲ್ಲಿ ಬ್ಯಾಂಕಿನಲ್ಲಿ 10,000ಕ್ಕಿಂತ ಹೆಚ್ಚು ಠೇವಣಿ ಇರಬಾರದು ಎಂಬ ಷರತ್ತು ಇತ್ತು. ಅಂತ್ಯಸಂಸ್ಕಾರಕ್ಕೆಂದು ಕೂಡಿಟ್ಟ ದುಡ್ಡಿಗೂ ಹೆದರಿಕೊಂಡ ಮುದುಕರನ್ನು ನಾನು ಕಂಡಿದ್ದೇನೆ. 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿಯವರು ಪ್ರಮಾಣವಚನ ತೆಗೆದುಕೊಂಡ ದಿನವೇ ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ, ವಿಧವಾ ವೇತನ 600ರಿಂದ 800ಕ್ಕೆ ಏರಿಸಿದರು.

ಮನಿ ಆರ್ಡರಿನ ಕಾಲದಲ್ಲಿ ಪೋಸ್ಟ್‌ಮ್ಯಾನ್ ಹತ್ತೋ ಇಪ್ಪತ್ತೋ ಹಿಡಿದುಕೊಳ್ಳುತ್ತಿದ್ದ ಎಂಬ ದೂರು ನಿತ್ಯದ್ದು. ನಿಜವೂ ಹೌದು. ಆದರೆ ಹಣ ಬಂತೋ ಇಲ್ಲವೋ ಎಂದು ಹೇಳುವ ಮನುಷ್ಯನೊಬ್ಬ ಬಾಗಿಲಿಗೆ ಬರುತ್ತಿದ್ದ. ಈಗ ಹಿಡಿದುಕೊಳ್ಳುವವನೂ ಇಲ್ಲ, ಹೇಳುವವನೂ ಇಲ್ಲ. ಮಂಜೂರು ಮಾಡುವಾಗ ಸೀಲು, ಸಹಿ, ಆದೇಶ ಸಂಖ್ಯೆ ಎಲ್ಲ ಹಾಕಿ ಕಾಗದ ಕೊಡುತ್ತೇವೆ. ನಿಲ್ಲಿಸುವಾಗ ಒಂದು ಚೀಟಿಯೂ ಹೋಗುವುದಿಲ್ಲ. ಬಹುತೇಕ ಜನಕ್ಕೆ ಸಿಟ್ಟು ಬರುವುದು ಹಣ ನಿಂತಿದ್ದಕ್ಕಲ್ಲ, ಯಾಕೆ ಅಂತ ಯಾರೂ ಹೇಳದ್ದಕ್ಕೆ.

ಕುಂಬಳೆ ಭಟ್ರು

ನಾನು ಕಾಸರಗೋಡಿನವ, ಕೇರಳದ ಕತೆ ಹೇಳ್ತೇನೆ. ಇಲ್ಲಿ ಕ್ಷೇಮ ಪಿಂಚಣಿ ಬ್ಯಾಂಕಿಗೂ ಬರ್ತದೆ, ಬೇಕಾದವರಿಗೆ ಸಹಕಾರಿ ಸಂಘದವರು ಮನೆಗೆ ತಂದು ಎಣಿಸಿ ಕೊಡುವ ಏರ್ಪಾಡೂ ಉಂಟು. ನನ್ನ ಅಜ್ಜಿಗೆ ಬ್ಯಾಂಕ್ ಎಲ್ಲಿ ಉಂಟು ಅಂತಲೇ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಬೀಳಲಿಲ್ಲ. ಮೊತ್ತ ಬಹಳ ಸಮಯ 1,600 ಇತ್ತು, 2025ರ ನವೆಂಬರಿಂದ 2,000 ಮಾಡಿದ್ರು.

ವರ್ಷಕ್ಕೊಮ್ಮೆ ಮಸ್ಟರಿಂಗ್ ಅಂತ ಉಂಟು. ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳು ಒತ್ತಿ "ಬದುಕಿದ್ದೇನೆ" ಅಂತ ತೋರಿಸಬೇಕು. ಎದ್ದು ನಡೀಲಿಕ್ಕಾಗದವರ ಮನೆಗೆ ಅವರೇ ಮೆಷಿನ್ ತರ್ತಾರೆ. ತಾರೀಖು ಪೇಪರಲ್ಲಿ ಬರ್ತದೆ, ವಾರ್ಡ್ ಮೆಂಬರೂ ಹೇಳ್ತಾರೆ. ಹಾಗಾಗಿ ನಿಂತ್ರೆ ಯಾಕೆ ನಿಂತಿತು ಅಂತ ಗೊತ್ತಿರ್ತದೆ.

ಹಾಗಂತ ಇಲ್ಲಿ ಎಲ್ಲ ಸರಿ ಉಂಟು ಅಂತ ತಿಳ್ಕೊಳ್ಬೇಡಿ ಮಾರಾಯ್ರೆ. 2023ರ ಕೊನೆಗೆ ತಿಂಗಳುಗಟ್ಟಲೆ ಬಾಕಿ ಆಗಿ ಇಡುಕ್ಕಿ ಜಿಲ್ಲೆಯ ಅಡಿಮಾಲಿಯಲ್ಲಿ ಇಬ್ಬರು ವೃದ್ಧೆಯರು ಬಟ್ಟಲು ಹಿಡ್ಕೊಂಡು ರಸ್ತೆಯಲ್ಲಿ ಭಿಕ್ಷೆ ಬೇಡಿದ್ರು. ಇಡೀ ರಾಜ್ಯಕ್ಕೆ ಸುದ್ದಿ ಆಯ್ತು, ಹೈಕೋರ್ಟಿಗೂ ಹೋಯ್ತು. ಅದಕ್ಕೆ ಮೊದಲೇ ಅದೇ ವರ್ಷ ಏಪ್ರಿಲಿಂದ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸಾಮಾಜಿಕ ಸುರಕ್ಷಾ ಸೆಸ್ ಹಾಕಿದ್ರು. ಅದಕ್ಕೇ ನಾವು ಗಡಿ ದಾಟಿ ತಲಪಾಡಿಯಲ್ಲಿ ಟ್ಯಾಂಕ್ ತುಂಬಿಸುದು, ಅದು ಬೇರೆ ವಿಷಯ.

ಬಳ್ಳಾರಿ ಬಿಸ್ಲು

ನಮ್ಮ ಚಿಕ್ಕಮ್ಮ ರಾಯದುರ್ಗದಾಗ ಇದಾರೆ, ಆಂಧ್ರ. ಮನೇಲಿ ಕನ್ನಡಾನೇ ಮಾತಾಡೋದು. ಅವರಿಗೆ 2024ರ ಜುಲೈಯಿಂದ ತಿಂಗಳಿಗೆ 4,000. ಒಂದನೇ ತಾರೀಖು ಸಚಿವಾಲಯದ (ಅಲ್ಲಿ ಊರಿಗೊಂದು, ವಾರ್ಡಿಗೊಂದು ಇರೋ ಸರ್ಕಾರಿ ಕಚೇರಿ) ಸಿಬ್ಬಂದಿ ಮನೆ ಮುಂದೆ ಬಂದು ಕೊಟ್ಟು ಹೋಗ್ತಾರೆ. ಮೊದಲ ತಿಂಗಳು ಹಿಂದಿನ ಮೂರು ತಿಂಗಳ ಏರಿಕೆ ಸೇರಿಸಿ 7,000 ಕೊಟ್ರು. ನಮ್ಮಮ್ಮ ಬಳ್ಳಾರಿಯಾಗೆ, 1,200. ಅಕ್ಕತಂಗಿ ಫೋನಿನಾಗೆ ಮಾತಾಡೋವಾಗ ಇದೊಂದು ವಿಷಯ ಎತ್ತಬೇಡಿ ಅಂತ ಹೇಳಿದೀನಿ. ಒಂದು ಗೆರೆ ಆಕಡೆ ಇದ್ರೆ ಮೂರು ಪಟ್ಟು.

ತೆಲುಗುನಾಡಿಗೆ ಸಾಲ ಎಷ್ಟಿದೆ ಅಂತ ಯಾರಾದ್ರೂ ಈಗ ಬರೀತೀರ, ಗೊತ್ತು. ಬರೀರಿ.

ಲೆಕ್ಕ ಕೇಳೋನು

ಬರೀಬೇಕು ಅಂತಲೇ ಇದ್ದೆ, ಬಿಡಿ.

ಐಂಡ್‌ಹೋವನ್ ಕನ್ನಡಿಗ

ನೆದರ್‌ಲೆಂಡ್ಸ್‌ನಲ್ಲಿದ್ದೇನೆ. ಇಲ್ಲಿ ಮಗುವನ್ನು ಡೇಕೇರಿಗೆ ಬಿಡೋಕೆ ಸರ್ಕಾರ ಸಹಾಯಧನ ಕೊಡುತ್ತೆ, ನಮಗೂ ಬರ್ತಿದೆ. ರೀತಿ ಮಾತ್ರ ತಿರುಗುಮುರುಗು: ಈ ವರ್ಷ ನಿಮ್ಮ ಆದಾಯ ಇಷ್ಟಿರಬಹುದು ಅಂತ ನೀವೇ ಅಂದಾಜು ಹೇಳ್ತೀರಿ, ತಿಂಗಳು ತಿಂಗಳು ಮುಂಗಡ ಬರುತ್ತೆ, ಮುಂದಿನ ವರ್ಷ ಲೆಕ್ಕ ಚುಕ್ತಾ. ಕಾಯೋ ಕಷ್ಟ ಇಲ್ಲ.

ಕೇಳೋಕೆ ಚಂದ. ಆದರೆ ಇದೇ ಯೋಜನೆಯಲ್ಲಿ ವರ್ಷಗಟ್ಟಲೆ ಇಲ್ಲಿನ ತೆರಿಗೆ ಇಲಾಖೆ ಮಾಡಿದ್ದು ಕೇಳಿ. ಒಂದು ಸಹಿ ತಪ್ಪಿದ್ರೆ, ತಂದೆತಾಯಿ ಕೈಯಿಂದ ಕಟ್ಟಬೇಕಿದ್ದ ಪಾಲಿನಲ್ಲಿ ಚೂರು ಕಡಿಮೆ ಬಿದ್ದಿದ್ರೆ, "ವಂಚಕರು" ಅಂತ ಹಣೆಪಟ್ಟಿ ಕಟ್ಟಿ ಕೊಟ್ಟಿದ್ದಷ್ಟೂ ವಾಪಸ್ ಕೇಳಿದ್ರು. ಹತ್ತಾರು ಸಾವಿರ ಯೂರೋ. ಎರಡು ದೇಶದ ಪೌರತ್ವ ಇದ್ದೋರ ಮೇಲೆ ಕಣ್ಣು ಜಾಸ್ತಿ. ಮನೆ ಹೋದವರು, ಮದುವೆ ಮುರಿದವರು ಎಷ್ಟೋ ಜನ. 2021ರ ಜನವರಿ 15ಕ್ಕೆ ಮಾರ್ಕ್ ರುಟ್ಟೆ ಸರ್ಕಾರ ಪೂರ್ತಿ ರಾಜೀನಾಮೆ ಕೊಡ್ತು, ಸಂತ್ರಸ್ತರಿಗೆ ತಲಾ 30,000 ಯೂರೋ ಪರಿಹಾರ ಅಂತ ನಿಗದಿ ಆಯ್ತು. ಮಾರ್ಚಿನ ಚುನಾವಣೆಯಲ್ಲಿ ಅದೇ ರುಟ್ಟೆ ಮತ್ತೆ ಗೆದ್ದರು ಅನ್ನೋದನ್ನೂ ಹೇಳಿಬಿಡಬೇಕು.

ಆ ಅಪ್ಪಅಮ್ಮಂದಿರಿಗೂ ಶಿರಸ್ತೇದಾರ್ ಸರ್ ಹೇಳಿದ್ದೇ ಆಗಿದ್ದು. ಯಾವ ಕಾಗದ ಕಡಿಮೆ ಅಂತ ಕೇಳಿದರೆ ಉತ್ತರ ಇಲ್ಲ. ಅವರ ಕಡತ ಅವರಿಗೇ ಕೊಟ್ಟಾಗ ಪುಟಪುಟಕ್ಕೂ ಕಪ್ಪು ಮಸಿ ಬಳಿದಿತ್ತು.

ಗ್ರಾಮ ಒನ್ ಮಂಜ

ಇಷ್ಟು ಮುಂದುವರಿದ ದೇಶದಲ್ಲೂ ಹೀಗಾ! ನಮ್ಮ ಗ್ರಾಮ ಒನ್ ಸೇವಾ ಸೆಂಟರಿನಲ್ಲಿ ದಿನಾ ನೋಡೋ ಇನ್ನೊಂದು ರಗಳೆ ವಯಸ್ಸಿಂದು. ಹಳೇ ಕಾಲದ ಹೆಂಗಸರು ಶಾಲೆ ಮೆಟ್ಟಿಲು ಹತ್ತಿಲ್ಲ. ಆಧಾರ್ ಮಾಡಿಸೋ ದಿನ ಆಪರೇಟರ್ "ಎಷ್ಟು ವಯಸ್ಸಮ್ಮ" ಅಂದಿರ್ತಾನೆ, ಇವರು "ಐವತ್ತು ಇರಬಹುದು" ಅಂದಿರ್ತಾರೆ. ಜನವರಿ 1 ಅಂತ ಹಾಕಿ ಮುಗಿಸಿರ್ತಾನೆ. ಊರಿಗೆ ಊರೇ ಜನವರಿ ಒಂದಕ್ಕೆ ಹುಟ್ಟಿದೆ. ವೋಟರ್ ಐಡಿಯಲ್ಲಿ 68, ಆಧಾರಿನಲ್ಲಿ 62. ಈಗ ಕಂಪ್ಯೂಟರ್ ತಾಳೆ ಹಾಕುತ್ತೆ, "ವಯಸ್ಸು ಸಾಲದು" ಅಂತ ಉಗುಳುತ್ತೆ. ಆಧಾರಿನಲ್ಲಿ ಹುಟ್ಟಿದ ತಾರೀಖು ತಿದ್ದೋಕೆ ಒಂದೇ ಅವಕಾಶ, ಅದಕ್ಕೂ ದಾಖಲೆ ಬೇಕು. ಸುಪ್ರೀಂ ಕೋರ್ಟೇ 2024ರ ಅಕ್ಟೋಬರಿನಲ್ಲಿ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ವಯಸ್ಸಿಗೆ ಆಧಾರ್ ಪುರಾವೆ ಆಗಲ್ಲ, ಶಾಲೆ ದಾಖಲೆ ನೋಡಿ ಅಂದಿದೆ. ಶಾಲೆಗೇ ಹೋಗದವರು ಏನು ತೋರಿಸಬೇಕು?

ಪ್ರೇಮಕ್ಕ ಹುಣಸೂರು

ಬ್ಯಾಂಕಿನೋರು ಹಿಡ್ಕೊಳ್ಳೋದನ್ನ ಯಾಕೆ ಯಾರೂ ಬರೀಲಿಲ್ಲ? ಪಕ್ಕದ ಮನೆ ಆಯಮ್ಮನ ಗೃಹಲಕ್ಷ್ಮಿ ಬಂದಿದ್ದೇ ತಡ, ಹಳೇ ಸಾಲಕ್ಕೆ ಅಂತ ಖಾತೆಗೆ ತಡೆ ಹಾಕವ್ರೆ. ಸಾಲ ತಗೊಂಡೋನು ಗಂಡ, ಜಾಮೀನು ಇವಳದು. ಹಿಂಗೂ ಮಾಡ್ಬೋದಾ?

ನಿವೃತ್ತ ಶಿರಸ್ತೇದಾರ

ಪ್ರೇಮಮ್ಮ, ಮಾಡಬಾರದು. 2024ರಲ್ಲಿ ಬರ ಪರಿಹಾರ, ಪಿಂಚಣಿ, ನರೇಗಾ ಕೂಲಿ ಇವನ್ನೆಲ್ಲ ಬ್ಯಾಂಕುಗಳು ಸಾಲಕ್ಕೆ ಜಮೆ ಮಾಡಿಕೊಂಡಾಗ ಜಿಲ್ಲಾಧಿಕಾರಿಗಳು ಬ್ಯಾಂಕಿನವರನ್ನು ಕರೆಸಿ ಹಾಗೆ ಮಾಡಕೂಡದು ಎಂದು ಸೂಚನೆ ಕೊಟ್ಟಿದ್ದಾರೆ. ಮ್ಯಾನೇಜರಿಗೆ ಬರಹದಲ್ಲಿ ಕೊಡಿ, ಪ್ರತಿಯನ್ನು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರಿಗೂ (ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವವರು) ತಹಶೀಲ್ದಾರರಿಗೂ ಕಳಿಸಿ. ಬರಹ ಕಂಡರೆ ಮಾತಿನ ಧಾಟಿ ಬದಲಾಗುತ್ತದೆ.

ಸುಮಾ ಅರಸೀಕೆರೆ

ಎಲ್ಲರಿಗೂ ಥ್ಯಾಂಕ್ಸ್. ಆದದ್ದು ಹೇಳ್ತೀನಿ.

ಮಂಜಣ್ಣ ಹೇಳಿದಂಗೆ ಸೀಡಿಂಗ್ ನೋಡಿದ್ವಿ. ನಾವ್ಯಾರೂ ಹೆಸರೇ ಕೇಳದ ಒಂದು ಪೇಮೆಂಟ್ಸ್ ಬ್ಯಾಂಕ್! ಕೂರಿಸಿ ಕೇಳಿದಾಗ ದೊಡ್ಡಮ್ಮನಿಗೆ ನೆನಪಾಯ್ತು. ಬೆಂಗಳೂರಲ್ಲಿ ಅಕ್ಕನ ಮಗನ ಜೊತೆ ಫೋನಿನ ಅಂಗಡಿಗೆ ಹೋಗಿ ಸಿಮ್ ಬದಲಿಸಿದ್ರಂತೆ, ಹುಡುಗ "ಇನ್ನೊಂದ್ಸಲ ಬೆರಳಿಡಿ ಅಜ್ಜಿ, ಮಿಷನ್ ತಗೋತಿಲ್ಲ" ಅಂದನಂತೆ. ಅಂತೂ ಗೃಹಲಕ್ಷ್ಮಿ ಕಂತುಗಳೆಲ್ಲ ಅಲ್ಲೇ ಭದ್ರವಾಗಿ ಕೂತಿದ್ವು. ತೆಗೆಸಿಕೊಂಡ್ವಿ. ಊರಿನ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ಬರೆದುಕೊಟ್ಟು ಸೀಲು ಹಾಕಿಸಿದ್ದೀವಿ, ಈಗ ಪಟ್ಟಿಯಲ್ಲಿ ನಮ್ಮ ಬ್ಯಾಂಕೇ ಬರ್ತಿದೆ.

ಪಿಂಚಣಿ ವಿಷಯ ಶಿರಸ್ತೇದಾರ್ ಸರ್ ಊಹೆ ಮಾಡಿದ್ದೇ. "ತಡೆಹಿಡಿದಿದ್ದೀರೋ ರದ್ದೋ" ಅಂತ ಕೇಳಿದ ಕೂಡಲೇ ಅಲ್ಲಿದ್ದವರು ತಲೆಯೆತ್ತಿ ನೋಡಿದ್ರು, ಕಂಪ್ಯೂಟರ್ ತೆಗೆದ್ರು. ಡಿಸೆಂಬರ್ ಪರಿಶೀಲನೆಯಲ್ಲಿ ವಾಸವಿಲ್ಲ ಅಂತ ವರದಿ, ತಡೆಹಿಡಿಯಲಾಗಿದೆ. ದೊಡ್ಡಮ್ಮನ್ನ ಎದುರಿಗೇ ನಿಲ್ಲಿಸಿ, ಆಪರೇಷನ್ ಆದ ಆಸ್ಪತ್ರೆ ಚೀಟಿ ಇಟ್ಟು ಅರ್ಜಿ ಕೊಟ್ಟಿದ್ದೀವಿ. ಹಿಂಬಾಕಿ ಸಿಗುತ್ತಾ ಸರ್?

ಇನ್ನೊಂದು. ಅವರಿಗೆ 65 ದಾಟಿದೆ. ಸಂಧ್ಯಾ ಸುರಕ್ಷಾ 1,200, ವಿಧವಾ ವೇತನ 800. ಗಂಡ ಬದುಕಿದ್ದಿದ್ರೆ ಇವರಿಗೆ 400 ಜಾಸ್ತಿ ಬರ್ತಿತ್ತು ಅಂತ ಆಯ್ತಲ್ಲ!

ಸೇಡಂ ಶರಣ

ಇದು ನನಗೂ ಹೊಳೆದಿದ್ದಿಲ್ಲ ನೋಡ್ರಿ. ಗಂಡನ್ನ ಕಳಕೊಂಡಾಕಿಗಿ ಕಡಿಮಿ!

ನಿವೃತ್ತ ಶಿರಸ್ತೇದಾರ

ಸುಮಾ ಅವರೇ, ನಿಮ್ಮ ಲೆಕ್ಕ ಸರಿ. ವಿಧವಾ ವೇತನ 18 ವರ್ಷದಿಂದ ಸಿಗುವಂಥದ್ದು, ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು ನೋಡಿಕೊಂಡು ಮಾಡಿದ್ದು. ವಯಸ್ಸಾದ ಮೇಲೆ ಏನು ಎಂದು ಮೊತ್ತ ಏರಿಸುವಾಗ ಯಾರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಂತಿಲ್ಲ. ಒಬ್ಬರಿಗೆ ಒಂದೇ ಪಿಂಚಣಿ ಎಂಬ ನಿಯಮ ಇರುವುದರಿಂದ ಎರಡೂ ತೆಗೆದುಕೊಳ್ಳಲಾಗದು. ಬದಲಾಯಿಸಿಕೊಳ್ಳಬೇಕೆಂದರೆ ಇದನ್ನು ಬಿಟ್ಟು ಅದಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ನನ್ನ ಸಲಹೆ: ಈಗಲೇ ಬೇಡ. ತಡೆಹಿಡಿದಿರುವ ಪಿಂಚಣಿ ಮೊದಲು ಚಾಲೂ ಆಗಲಿ, ಬಾಕಿ ಕೈಗೆ ಬರಲಿ. ಅದು ಬಾಕಿ ಇರುವಾಗಲೇ ಬಿಟ್ಟುಕೊಟ್ಟರೆ ಅದೂ ಹೋಯಿತು, ಇದೂ ತಡವಾಯಿತು ಅಂತಾಗುತ್ತದೆ.

ಹಿಂಬಾಕಿ ಬಗ್ಗೆ: ತಡೆಹಿಡಿದದ್ದನ್ನು ತೆರವು ಮಾಡಿದಾಗ ನನ್ನ ಕಾಲದಲ್ಲಿ ಕೊಡುತ್ತಿದ್ದೆವು, ಆದರೆ ಅರ್ಜಿಯಲ್ಲಿ ಬರೆದು ಕೇಳಿದವರಿಗೆ. ಕೇಳದವರಿಗೆ ಆ ತಿಂಗಳಿಂದ ಮುಂದಕ್ಕೆ ಅಷ್ಟೇ. ನಿಮ್ಮ ಅರ್ಜಿಯಲ್ಲಿ "ತಡೆಹಿಡಿದ ದಿನಾಂಕದಿಂದ ಬಾಕಿ ಸಹಿತ" ಎಂಬ ಸಾಲು ಇಲ್ಲದಿದ್ದರೆ ಇನ್ನೊಂದು ಮನವಿ ಕೊಡಿ. ಸಕಾಲದ (ಸರ್ಕಾರಿ ಸೇವೆಯನ್ನು ನಿಗದಿತ ಅವಧಿಯೊಳಗೆ ಕೊಡಬೇಕೆಂಬ ಕಾಯ್ದೆ) ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಕೊಟ್ಟಿದ್ದಾರಾ? 15 ಅಂಕಿಯದು. ಅದಿದ್ದರೆ ನಿಗದಿತ ಅವಧಿ ದಾಟಿದಾಗ ಮೇಲ್ಮನವಿ ಹಾಕಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರವೂ ಆ ಕಾಯ್ದೆಯಲ್ಲಿದೆ. ಪರಿಹಾರ ಪಡೆದವರನ್ನು ನಾನು ನೋಡಿಲ್ಲ, ಆದರೆ ಆ ಸಂಖ್ಯೆ ಹೇಳಿದಾಗ ಕಡತ ಮೇಲೆ ಬಂದದ್ದನ್ನು ನೋಡಿದ್ದೇನೆ.

ಇನ್ನೊಂದು ಗೊತ್ತಿರಲಿ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದೇ ವೃದ್ಧಾಪ್ಯ ವೇತನವನ್ನು ಪ್ರತಿ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು ಎಂದು ರಾಜ್ಯಗಳಿಗೆ ಆದೇಶಿಸಿತ್ತು. ಹೆಚ್ಚಿನ ಕಚೇರಿಗಳಲ್ಲಿ ಇದು ಯಾರಿಗೂ ನೆನಪಿಲ್ಲ.

ಲೆಕ್ಕ ಕೇಳೋನು

ಒಂದು ಪ್ರಶ್ನೆ ಸರ್, ಜಗಳಕ್ಕಲ್ಲ. ಪರಿಶೀಲನೆಯೇ ಬೇಡ ಅಂತೀರಾ? ಸತ್ತೋರ ಹೆಸರಲ್ಲಿ ಮಕ್ಕಳು ಎಟಿಎಂ ಕಾರ್ಡ್ ಉಜ್ಜೋದು ನಮ್ಮೂರಲ್ಲೇ ಇದೆ.

ನಿವೃತ್ತ ಶಿರಸ್ತೇದಾರ

ಬೇಕೇ ಬೇಕು. ನಾನೇ ಮಾಡಿದ್ದೇನೆ, ಸತ್ತವರ ಹೆಸರನ್ನು ತೆಗೆದದ್ದೂ ಇದೆ. ಬಾಗಿಲಿಗೆ ಬೀಗ ಕಂಡರೆ ಒಂದು ಚೀಟಿ ಅಂಟಿಸಿ ಬರಲಿ, ಪಂಚಾಯಿತಿ ಬೋರ್ಡಿನಲ್ಲಿ ಹೆಸರು ಹಾಕಲಿ, ಒಂದು ತಿಂಗಳು ಕಾಯಲಿ. ಅಷ್ಟರಲ್ಲಿ ಬದುಕಿದ್ದವರು ಬರುತ್ತಾರೆ, ಸತ್ತವರು ಬರುವುದಿಲ್ಲ.

ಲೆಕ್ಕ ಕೇಳೋನು

ಇದಕ್ಕೆ ನನ್ನ ತಕರಾರಿಲ್ಲ. ಖರ್ಚೂ ಇಲ್ಲ.

ಹೊಸಬಳು

ಇಲ್ಲೇ ಕೇಳ್ತೀನಿ, ಸಿಟ್ಟಾಗಬೇಡಿ. ನನಗೆ 43, ಮದುವೆ ಆಗಿಲ್ಲ, ಅಣ್ಣನ ಮನೇಲಿದ್ದೀನಿ. ನಮ್ಮಂಥೋರಿಗೆ ಏನಾದ್ರೂ ಇದೆಯಾ? ಅಣ್ಣನ ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತಿಗೆ.

ಗ್ರಾಮ ಒನ್ ಮಂಜ

ಇದೆ ಅಕ್ಕ. ಮನಸ್ವಿನಿ ಅಂತ, 40ರಿಂದ 64ರೊಳಗಿನ ಮದುವೆಯಾಗದವರಿಗೆ, ವಿಚ್ಛೇದನ ಆದವರಿಗೆ, ತಿಂಗಳಿಗೆ 800. ನಾಡಕಚೇರಿಯಲ್ಲೇ ಅರ್ಜಿ. ಗೃಹಲಕ್ಷ್ಮಿ ಅತ್ತಿಗೆಗೆ ಬರ್ತಿದ್ರೂ ಇದಕ್ಕೆ ತೊಂದರೆ ಇಲ್ಲ, ಇದು ಬೇರೆ. ಆದಾಯ ಪ್ರಮಾಣಪತ್ರ ಮಾಡಿಸೋಕೆ ಮೊದಲು ಶರಣಣ್ಣನ 32,000ದ ಲೆಕ್ಕ ಮೇಲೆ ಓದ್ಕೊಂಡು ಹೋಗಿ. "ಮಾಡಿಸಿಕೊಡ್ತೀನಿ" ಅಂತ ಯಾರಾದ್ರೂ ಎರಡು ಮೂರು ಸಾವಿರ ಕೇಳಿದ್ರೆ ಕೊಡಬೇಡಿ, ಅದಕ್ಕೆ ಅಷ್ಟು ಶುಲ್ಕ ಇಲ್ಲ.

ಹೊಸಬಳು

ಮದುವೆಯಾಗಿಲ್ಲ ಅಂತ ಯಾರು ಬರೆದುಕೊಡಬೇಕು?

ನಿವೃತ್ತ ಶಿರಸ್ತೇದಾರ

ನೀವೇ ಸ್ವಯಂಘೋಷಣೆ ಬರೆದುಕೊಡಿ, ಊರಲ್ಲಿ ವಿಚಾರಿಸಿ ಗ್ರಾಮ ಆಡಳಿತ ಅಧಿಕಾರಿ ವರದಿ ಹಾಕುತ್ತಾರೆ. ಅರ್ಜಿ ಕೊಡುವ ಮೊದಲು ನಿಮ್ಮ ಖಾತೆಯ ಸೀಡಿಂಗ್ ಎಲ್ಲಿದೆ ಅಂತ ನೋಡಿಕೊಳ್ಳಿ.

ಸುಮಾ ಅರಸೀಕೆರೆ

ಬಾಕಿ ಸಹಿತ ಅನ್ನೋ ಸಾಲು ಅರ್ಜಿಯಲ್ಲಿ ಇರಲಿಲ್ಲ ಸರ್. ಸೋಮವಾರ ಇನ್ನೊಂದು ಮನವಿ ಕೊಡ್ತೀವಿ, ಜಿಎಸ್‌ಸಿ ಸಂಖ್ಯೆನೂ ಕೇಳಿ ಬರ್ತೀವಿ. ದೊಡ್ಡಮ್ಮ ಈಗ ಯಾರು ಬೆರಳಿಡಿ ಅಂದ್ರೂ "ಯಾಕೆ" ಅಂತ ಕೇಳ್ತಿದ್ದಾರೆ, ನಿನ್ನೆ ರೇಷನ್ ಅಂಗಡಿಯವನಿಗೂ ಕೇಳಿ ಬೈಸಿಕೊಂಡು ಬಂದ್ರು.